ಮೊಣಕಾಲುದ್ದ ನೀರು: ಮಾಗಡಿಯಿಂದ ಅಂಕಸಮುದ್ರಕ್ಕೆ ನಾಲ್ಕು ದಿನ

ಮೊದಲ ದಿನ

ಮಾಗಡಿಗೆ ಹೋಗ್ತೀನಿ ಅಂದಾಗ ಬೆಂಗಳೂರಿನ ಆಫೀಸಿನಲ್ಲಿ ಎಲ್ಲರೂ ಕೆಂಪೇಗೌಡರ ಮಾಗಡಿ ಅಂದುಕೊಂಡರು. ಅದಕ್ಕೆ ನಾಲ್ಕು ದಿನ ರಜೆ ಯಾಕೆ ಎಂಬ ಪ್ರಶ್ನೆ ಬೇರೆ. ನಾನು ಹೊರಟಿದ್ದು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿಗೆ. ಗದಗದಿಂದ 26 ಕಿ.ಮೀ., ಲಕ್ಷ್ಮೇಶ್ವರದಿಂದ 11. ಸಂಕ್ರಾಂತಿ ಮುಗಿದು ಮೂರು ದಿನವಾಗಿತ್ತು. ಹುಬ್ಬಳ್ಳಿಯಲ್ಲಿ ಅವ್ವ ಕಟ್ಟಿಕೊಟ್ಟ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಚೀಲದಲ್ಲಿ; ಪಕ್ಕದ ಸೀಟಿನಲ್ಲಿ ಮಾಮಾ.

ಮಾಮಾ ಅಂದರೆ ಅವ್ವನ ಅಣ್ಣ. ಮೂವತ್ತು ವರ್ಷ ಕೆರೆ ಕೆಲಸವನ್ನೇ ಮಾಡಿ ನಿವೃತ್ತರಾದವರು. ಹಕ್ಕಿ ಅಂದರೆ ಅಷ್ಟಕ್ಕಷ್ಟೆ. ಏರಿ, ತೂಬು, ಕೋಡಿ ಅಂದರೆ ಕಿವಿ ನೆಟ್ಟಗಾಗುತ್ತವೆ. ಕೈಯಲ್ಲೊಂದು ಹಳೇ ಛತ್ರಿ ಹಿಡಿದಿದ್ದರು.

"ಜನವರಿದಾಗ ಛತ್ರಿ ಯಾಕ್ರಿ ಮಾಮಾ?"

"ಅದು ಛತ್ರಿ ಅಲ್ಲೋ ತಮ್ಮಾ, ಅಳತೀಕೋಲು."

ನೋಡಿದರೆ ಹೌದು. ಬಿದಿರಿನ ಕೋಲಿನ ಮೇಲೆ ಚಾಕುವಿನಿಂದ ಕಚ್ಚು ಹಾಕಿದ್ದರು, ಮೂರು ಇಂಚಿಗೊಂದರಂತೆ. ಬಟ್ಟೆಯ ಭಾಗ ಮಳೆ ಬಂದರೆ ಉಪಯೋಗಕ್ಕೆ ಅಂತ ಉಳಿದುಕೊಂಡಿತ್ತು ಅಷ್ಟೆ.

ಲಕ್ಷ್ಮೇಶ್ವರದಲ್ಲಿ ಲಾಡ್ಜಿಗೆ ಚೀಲ ಎಸೆದು ಗದಗದ ಬಸ್ಸು ಹತ್ತಿ ಮಾಗಡಿಯಲ್ಲಿ ಇಳಿದಾಗ ಮೂರೂವರೆ. ಏರಿ ಹತ್ತಿದ ಕೂಡಲೇ ಮಾಮಾ ತೂಬಿನ ಕಡೆ ತಿರುಗಿದರು, ನಾನು ನೀರಿನ ಕಡೆ. ಮೊದಲು ಕಂಡದ್ದು ಬೂದುಬಿಳುಪಿನ ಒಂದು ಪಟ್ಟಿ. ದಡದ ಮಣ್ಣೇ ಆ ಬಣ್ಣದ್ದು ಅಂದುಕೊಂಡೆ. ದುರ್ಬೀನು ಕಣ್ಣಿಗಿಟ್ಟರೆ ಪಟ್ಟಿ ಉಸಿರಾಡುತ್ತಿತ್ತು. ಅಷ್ಟೂ ಪಟ್ಟೆತಲೆ ಹೆಬ್ಬಾತು! ಒಂದೇ ಕಾಲಿನ ಮೇಲೆ ನಿಂತು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿ ನಿದ್ದೆ ಹೊಡೆಯುತ್ತಿದ್ದವು. ಬಿಳಿ ತಲೆಯ ಹಿಂಬದಿಗೆ ಅಡ್ಡಡ್ಡ ಎರಡು ಕಪ್ಪು ಗೆರೆ. ನಿದ್ದೆಯಲ್ಲಿ ಮುಖ ಮುಚ್ಚಿದ್ದರಿಂದ ಎದ್ದು ಕಾಣುತ್ತಿದ್ದದ್ದು ಆ ಗೆರೆಗಳೇ.

ಈ ಹಕ್ಕಿಯ ಕಥೆ ಮಾಮಾನಿಗೆ ಹೇಳಿದೆ. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಬೆನ್ನಿಗೆ ಯಂತ್ರ ಕಟ್ಟಿ ಜಾಡು ಹಿಡಿದಾಗ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿ ಗಾಳಿಯೇ ತೆಳು. ಇವುಗಳ ರಕ್ತಕ್ಕೆ ಆ ತೆಳುಗಾಳಿಯಿಂದಲೂ ಆಮ್ಲಜನಕ ಹೀರುವ ಶಕ್ತಿ ಬೇರೆ ಬಾತುಗಳಿಗಿಂತ ಹೆಚ್ಚು. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ.

ಮಾಮಾ ಎಲ್ಲ ಕೇಳಿ, "ಅಷ್ಟ ದೂರದಿಂದ ಹಾರಿ ಬಂದು ಇಲ್ಲಿ ಹಗಲೆಲ್ಲ ನಿದ್ದಿ ಹೊಡ್ಯಾಕತ್ತಾವಲ್ಲೋ!" ಅಂದರು.

ಆ ಮಾತು ನನಗೆ ಉಪಯೋಗವಾಯಿತು. ಹಗಲು ನಿದ್ದೆ ಅಂದಮೇಲೆ ರಾತ್ರಿ ಏನೋ ಕೆಲಸ ಇರಬೇಕು. ಹೊತ್ತು ಮುಳುಗಿ ಆಕಾಶದಲ್ಲಿ ಕುಂಕುಮ ಉಳಿದಿದ್ದಾಗ ಪಟ್ಟಿಯ ಒಂದು ತುದಿ ಕದಲಿತು. ಮೂಗಿನಲ್ಲಿ ಕೂಗಿದಂಥ 'ಆಂಗ್ ಆಂಗ್' ಸದ್ದು ಅಲ್ಲೊಂದು ಇಲ್ಲೊಂದು ಎದ್ದಿತು. ಮೂವತ್ತೋ ನಲವತ್ತೋ ಹಕ್ಕಿಯ ಗುಂಪು ಎದ್ದು, ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿ ಯರಿ ಹೊಲಗಳ ಕಡೆ ಸಾಗಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ರೆಕ್ಕೆಯ ಗಾಳಿ ಕಿವಿಗೆ ಕೇಳುತ್ತಿತ್ತು. ಅರ್ಧ ಗಂಟೆಯಲ್ಲಿ ಕೆರೆ ಖಾಲಿಯಾಗಿ, ಗುಳುಮುಳುಕಗಳ ಕಿಲಕಿಲ ಮಾತ್ರ ಉಳಿಯಿತು.

ಮಾಮಾ ಛತ್ರಿ ಊರಿ ನೋಡಿ ಬಂದು ವರದಿ ಒಪ್ಪಿಸಿದರು. "ದಂಡಿಗೆ ಮೊಣಕಾಲುದ್ದ ನೀರೂ ಇಲ್ಲ. ಇದು ಕೆರಿ ಅಲ್ಲೋ, ತಾಟು. ಹೂಳು ತಗಸಬೇಕಿದನ್ನ."

ರಾತ್ರಿ ಲಕ್ಷ್ಮೇಶ್ವರದಲ್ಲಿ ಊಟ ಮಾಡುವಾಗಲೂ ಅದೇ ಮಾತು. ಈ ಊರಿನ ಹಳೇ ಹೆಸರು ಪುಲಿಗೆರೆ. ಊರಿನ ಹೆಸರಲ್ಲೇ ಕೆರೆ ಇಟ್ಟುಕೊಂಡ ಜನ ನಾವು, ಹೂಳಿನ ವಿಷಯಕ್ಕೆ ಜಗಳ ಬರದೇ ಇರುತ್ತದೆಯೇ?

ಎರಡನೇ ದಿನ

ಐದೂವರೆಗೆ ಚಳಿ ಚೆನ್ನಾಗಿತ್ತು. ಹಾಲಿನ ಗಾಡಿಯವನು ಮಾಗಡಿಯವರೆಗೆ ಬಿಟ್ಟ. ಇವತ್ತು ಕೆರೆಗೆ ಹೋಗದೆ ಕಡಲೆ ಹೊಲದ ಬದುವಿನ ಮೇಲೆ ಕುಳಿತೆವು. ಮಬ್ಬಿನಲ್ಲಿ ಹೊಲದೊಳಗೆ ಏನೋ ಕಟಕಟ ಸದ್ದು. ಬೆಳಕು ಬಿದ್ದಾಗ ಕಂಡದ್ದು ದನ ಮೇದಂತೆ ಸಾಲುಗಟ್ಟಿ ಮೇಯುತ್ತಿದ್ದ ಹೆಬ್ಬಾತು. ಒಂದೆರಡು ಮಾತ್ರ ಕುತ್ತಿಗೆ ನೆಟ್ಟಗೆ ಎತ್ತಿ ಕಾವಲಿಗೆ ನಿಂತಿದ್ದವು; ಅವು ತಲೆ ತಗ್ಗಿಸಿದರೆ ಬೇರೆ ಯಾವುದೋ ಎತ್ತುತ್ತಿತ್ತು.

ಹೊಲದ ಅಜ್ಜಿ ತಲೆಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಎಣ್ಣೆಡಬ್ಬಿ ಹಿಡಿದು ಬಂದಳು. ಡಬ್ಬಿ ಬಡಿದು ಓಡಿಸಲಿಕ್ಕೆ.

"ಕುಡಿ ಇದ್ದಾಗ ಕುಡಿ, ಕಾಯಿ ಬಿಟ್ಟಾಗ ಕಾಯಿ, ಕತ್ತರಸಿಕೊಂಡು ಹೋಗ್ತಾವ್ರಿ. ಹೊಡ್ಯಾಕ ಮನಸ್ಸ ಬರಂಗಿಲ್ಲ, ಸುಮ್ನ ಕುಂಡ್ರಾಕೂ ಆಗಂಗಿಲ್ಲ," ಅಂದಳು. "ದೂರದಿಂದ ಬಂದ ಬೀಗರಿದ್ದಂಗ. ತಿಂದ ಹೋಗ್ರಿ ಅನ್ನಬೇಕು. ಆದ್ರ ದಿನಾ ಬರ್ತಾವಲ್ರಿ ಬೀಗರು!"

ನಮಗೂ ಒಂದು ಹಿಡಿ ಸುಲಗಾಯಿ ಕಿತ್ತು ಕೊಟ್ಟಳು. ಬೀಗರ ಪಾಲಿನಲ್ಲಿ ನಾವೂ ಪಾಲು ತಿಂದಂತಾಯಿತು. ಹಕ್ಕಿಪ್ರಿಯರು ಕೆರೆಯ ಏರಿಯ ಮೇಲೆ ನಿಂತು 'ಆಹಾ' ಅನ್ನುವಾಗ ಈ ಹೊಲದ ಲೆಕ್ಕ ಯಾರೂ ಇಡುವುದಿಲ್ಲ. 2024ರ ಜನವರಿ 31ರಂದು ಮಾಗಡಿ, ಅಂಕಸಮುದ್ರ, ಅಘನಾಶಿನಿ ಮೂರೂ ಒಟ್ಟಿಗೆ ರಾಮ್‌ಸರ್ ತಾಣಗಳೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳೆಂದು, ಪ್ರಕಟವಾದವು. ಅದಕ್ಕೆ ಮುಂಚೆ ರಾಜ್ಯಕ್ಕೆ ರಂಗನತಿಟ್ಟು ಒಂದೇ ಇತ್ತು. ಮಾಗಡಿಗೆ ಆ ಗೌರವ ಸಿಕ್ಕಿದ್ದು ಮುಖ್ಯವಾಗಿ ಚಳಿಗಾಲಕ್ಕೆ ಬರುವ ಸುಮಾರು 8,000 ಹೆಬ್ಬಾತುಗಳಿಂದ. ಕೆರೆಯೋ ಸುಮಾರು 50 ಹೆಕ್ಟೇರು. ಅಷ್ಟು ಹೊಟ್ಟೆ ಈ ನೀರಿನಲ್ಲಿ ತುಂಬುವುದಿಲ್ಲ. ಕೆರೆ ಅವಕ್ಕೆ ಮಲಗುವ ಮನೆ, ಅಡುಗೆಮನೆ ಅಜ್ಜಿಯ ಹೊಲ.

ಬಿಸಿಲೇರುತ್ತಿದ್ದಂತೆ ಎಲ್ಲವೂ ಕೆರೆಗೆ ವಾಪಸ್. ನಾವೂ. ಎಣಿಸಲು ಕುಳಿತೆವು. 1987ರಿಂದ ಏಷ್ಯಾದ ಉದ್ದಗಲಕ್ಕೆ ಪ್ರತಿ ಜನವರಿಯಲ್ಲಿ ನೀರುಹಕ್ಕಿ ಗಣತಿ ನಡೆಯುತ್ತದೆ. ಅದರಲ್ಲಿ ಎರಡು ಸಲ ಕೈಜೋಡಿಸಿದ್ದ ಹಮ್ಮು ನನಗೆ. ವಿಧಾನ ಸುಲಭ: ಹತ್ತು ಹಕ್ಕಿ ಎಣಿಸಿ ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ಅಂತ ಕಣ್ಣಲ್ಲಿ ಅಚ್ಚು ಹಾಕಿಕೊಳ್ಳಬೇಕು, ಹತ್ತರ ಅಚ್ಚಿನಿಂದ ನೂರರ ಅಚ್ಚು, ಆಮೇಲೆ ನೂರರ ಅಚ್ಚನ್ನು ಗುಂಪಿನ ಮೇಲೆ ಇಡುತ್ತಾ ಹೋಗಬೇಕು. ಮಾಮಾ ಇದನ್ನು ಎರಡು ನಿಮಿಷದಲ್ಲಿ ಹಿಡಿದರು. ಮಣ್ಣಿನ ರಾಶಿ ನೋಡಿ ಎಷ್ಟು ಬುಟ್ಟಿ ಅಂತ ಹೇಳಿದ ಕಣ್ಣು. ನನ್ನ ಲೆಕ್ಕ ಅವರದಕ್ಕಿಂತ ಹೆಚ್ಚು ಬಂತು. "ನೀ ಖುಷಿಯಿಂದ ಎಣಿಸಾಕತ್ತಿ," ಅಂದರು. ಅವರ ಲೆಕ್ಕವನ್ನೇ ಬರೆದುಕೊಂಡೆ.

ಇನ್ನು ನಾನು ಮಾಡಿದ ಮಹಾ ಕೆಲಸ. ಹೆಬ್ಬಾತುಗಳಲ್ಲಿ ಯಾವುದರ ಕುತ್ತಿಗೆಗಾದರೂ ಪಟ್ಟಿ ಇದೆಯೇ ನೋಡೋಣ ಅಂತ ದಡದಗುಂಟ ಬಗ್ಗಿ ಬಗ್ಗಿ ಹೋದೆ. ಒಣಗಿ ಬಿರುಕುಬಿಟ್ಟ ಮಣ್ಣು ಗಟ್ಟಿಯಾಗಿಯೇ ಇತ್ತು. ಹತ್ತು ಹೆಜ್ಜೆ ಮುಂದೆ ಮೇಲಿನ ಹೆಪ್ಪಳಿಕೆ ಮಾತ್ರ ಗಟ್ಟಿ. ಎಡಗಾಲು ಮೊಣಕಾಲಿನವರೆಗೆ ಹೂತುಹೋಯಿತು. ಎಳೆದೆ, ಚಪ್ಪಲಿ ಒಳಗೇ ಉಳಿದು ನಾನು ದಪ್ಪನೆ ಕೂತೆ. ಆ ಸದ್ದಿಗೆ ಇಡೀ ಪಟ್ಟಿ ಒಮ್ಮೆಗೇ ಎದ್ದಿತು. ಸಾವಿರಾರು ರೆಕ್ಕೆ. ಅವುಗಳ ಜೊತೆ ಸೂಜಿಬಾಲದ ಬಾತು, ಮೆಟ್ಟುಗಾಲು ಹಕ್ಕಿ, ಟಿಟ್ಟಿಭ ಎಲ್ಲ. ಮತ್ತೆ ಅವು ಇಳಿದು ನೆಮ್ಮದಿಗೆ ಬರಲು ಮುಕ್ಕಾಲು ಗಂಟೆಯೇ ಹಿಡಿಯಿತು. ಕುರಿ ಕಾಯುತ್ತಿದ್ದ ಹುಡುಗ ಏರಿಯ ಮೇಲಿಂದ, "ಕಲತವ್ರ ಹಿಂಗ ಮಾಡಿದ್ರ ಹೆಂಗ್ರಿ?" ಅಂದ. ಉತ್ತರ ಇರಲಿಲ್ಲ. ರಾತ್ರಿಯೆಲ್ಲ ಮೇದು ಬಂದ ಹಕ್ಕಿಯ ಹಗಲಿನ ನಿದ್ದೆ ನನ್ನ ಒಂದು ಚಪ್ಪಲಿಗೆ ಹೋಯಿತು.

ಆದರೆ ಕೆಸರಿನಲ್ಲಿ ಕೂತಿದ್ದರಿಂದಲೇ ದಡ ಸರಿಯಾಗಿ ಕಂಡಿತು ಅನ್ನಬೇಕು. ಏರಿಯ ಮೇಲಿಂದ ಎಲ್ಲ ಒಂದೇ ನೀರು. ಕೆಳಗೆ ಕೂತರೆ ಬೇರೆ. ನನ್ನ ಹಿಂದಿನ ಒಣಮಣ್ಣಿನಲ್ಲಿ ಟಿಟ್ಟಿಭ, ಬಾಲ ಕುಣಿಸುವ ಕುಂಡೆಕುಸ್ಕ. ಹಸಿ ಕೆಸರಿನ ಮೇಲೆ, ಗೆರೆ ಎಳೆದಂತೆ ಅದೇ ಪಟ್ಟಿಯಲ್ಲಿ, ಗದ್ದೆಗೊರವಗಳು ಕೊಕ್ಕು ಚುಚ್ಚುತ್ತಾ ಓಡಾಡುತ್ತಿದ್ದವು. ಬೆರಳು ಮುಳುಗುವ ನೀರಿಗೆ ಅವು ಇಳಿಯುತ್ತಿದ್ದವು, ಅದರಾಚೆ ಇಲ್ಲ. ಅಲ್ಲಿಂದ ಮುಂದೆ ಕೆಂಪು ಕಡ್ಡಿಗಾಲಿನ ಮೆಟ್ಟುಗಾಲು ಹಕ್ಕಿಗಳ ರಾಜ್ಯ. ಗೇಣು ನೀರಿಗೆ ಒಂದು ಚಮಚಕೊಕ್ಕಿನ ಹಿಂಡು, ತಲೆಯನ್ನು ಎಡಕ್ಕೂ ಬಲಕ್ಕೂ ಕುಡುಗೋಲಿನಂತೆ ಬೀಸುತ್ತಾ. ಅದರಾಚೆ ಬಾತುಗಳು: ಸೂಜಿಬಾಲದವು ತಲೆಕೆಳಗಾಗಿ ಕುಂಡಿ ಮೇಲೆ ಮಾಡಿ ಕುತ್ತಿಗೆ ಎಟುಕುವಷ್ಟು ಆಳಕ್ಕೆ ಬಾಯಿ ಹಾಕುವಂಥವು. ಇನ್ನೂ ಆಳಕ್ಕೆ ನಾಮದಕೋಳಿ, ಗುಳುಮುಳುಕ, ನೀರುಕಾಗೆ, ಮುಳುಗಿ ಏಳಬಲ್ಲವು. ಒಂದೊಂದು ಜಾತಿಗೆ ಒಂದೊಂದು ಕಾಲಿನ ಉದ್ದ, ಒಂದೊಂದು ಕೊಕ್ಕಿನ ಅಳತೆ. ಅವೆಲ್ಲ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದವು. ಒಂದರ ಎಲೆಗೆ ಇನ್ನೊಂದರ ಕೈ ಹೋಗುವುದೇ ಇಲ್ಲ.

"ಮಾಮಾ, ನಿಮ್ಮ ಛತ್ರಿ ತರ್ರಿ," ಅಂತ ಕೂಗಿದೆ. ನನ್ನನ್ನು ಎಳೆದುಹಾಕಲು ಅಂದುಕೊಂಡು ಬಂದರು. ಬಂದವರಿಗೆ ಪಂಕ್ತಿ ತೋರಿಸಿದೆ. ಮೂರನೇ ಕಚ್ಚಿನ ನೀರು, ಐದನೇ ಕಚ್ಚಿನ ನೀರು ಅಂತ ಒಂದೊಂದಕ್ಕೂ ಹಕ್ಕಿಯ ಹೆಸರು. ತುಸು ಹೊತ್ತು ನೋಡಿ, "ಹೂಳು ತಗದ್ರ ಇದರಾಗ ಯಾವ ಯಾವ ಹೋಗ್ತಾವು?" ಅಂದರು.

"ಗುಳುಮುಳುಕ, ನೀರುಕಾಗಿ ಬಿಟ್ಟು ಭಾಳಷ್ಟು."

ಮಾಮಾ ಏನೂ ಅನ್ನಲಿಲ್ಲ. ಹೊಸ ಚಪ್ಪಲಿ ಕೊಳ್ಳಲು ಲಕ್ಷ್ಮೇಶ್ವರದ ಬಸ್ಸು ಹಿಡಿದೆವು.

ಮೂರನೇ ದಿನ

ಗದಗದಿಂದ ಹೊಸಪೇಟೆಗೆ ರೈಲು. ದಾರಿಯಲ್ಲಿ ಹೇಳುವಂಥದ್ದೇನೂ ಆಗಲಿಲ್ಲ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಬಸ್ಸು, ಅಲ್ಲಿಂದ ಆಟೋ. ಅಂಕಸಮುದ್ರ ತಲುಪಿದಾಗ ನಾಲ್ಕು ಗಂಟೆ.

ಮಾಗಡಿ ಬಯಲು; ಅಂಕಸಮುದ್ರ ನೀರೊಳಗಿನ ತೋಪು. ನೂರು ಹೆಕ್ಟೇರಿಗೆ ಚೂರು ಕಡಿಮೆ ಇರುವ ಕೆರೆಯಂಗಳದ ತುಂಬ ಕರಿಜಾಲಿ ಮರ. ಸೊಂಟದವರೆಗೆ ನೀರಿನಲ್ಲಿ ನಿಂತು, ನೆತ್ತಿಯ ಮೇಲೆ ಸುಣ್ಣ ಬಳಿದುಕೊಂಡಂತೆ ಬೆಳ್ಳಗೆ. ಬಳಿದದ್ದು ಹಕ್ಕಿಗಳ ಹಿಕ್ಕೆ. ಏರಿಗೆ ಬರುವ ಮುಂಚೆಯೇ ಮೂಗಿಗೆ ಗೊತ್ತಾಗುತ್ತದೆ: ಹಸಿ ಮೀನು, ಸುಣ್ಣ, ಕೊಳೆತ ಎಲೆ ಮೂರೂ ಕೂಡಿದ ವಾಸನೆ. ಮಾಮಾ ಮೂಗಿಗೆ ಟವೆಲ್ ಹಿಡಿದರು.

ಇಲ್ಲಿ ಗೂಡು ಕಟ್ಟುವ, ರಾತ್ರಿ ತಂಗುವ ನೀರುಹಕ್ಕಿಗಳು 30,000ಕ್ಕೂ ಹೆಚ್ಚು ಎಂಬ ಲೆಕ್ಕ ರಾಮ್‌ಸರ್ ಪಟ್ಟಿಯ ವಿವರದಲ್ಲಿದೆ. ಬಣ್ಣದ ಕೊಕ್ಕರೆ ಮತ್ತು ಬಿಳಿ ಕೆಂಬರಲು ಇಲ್ಲಿನ ಮುಖ್ಯ ಒಕ್ಕಲು. ಮುಳ್ಳಿನ ಜಾಲಿಯೇ ಯಾಕೆ? ಕೊಂಬೆ ಗಟ್ಟಿ, ಚಪ್ಪಟೆ ನೆತ್ತಿ, ಮುಳ್ಳಿಗೆ ಕಡ್ಡಿ ಸಿಕ್ಕಿಕೊಂಡು ಗೂಡು ಜಾರುವುದಿಲ್ಲ. ಸುತ್ತ ನೀರು ಇರುವುದರಿಂದ ನಾಯಿ, ಬೆಕ್ಕು ಹತ್ತಿರ ಸುಳಿಯಲಾರವು. ಊರಿನ ಕೋಟೆಗೆ ಕಂದಕ ತೋಡಿದ ಹಾಗೆ.

ಎದುರಿನ ಒಂದೇ ಮರವನ್ನು ಹಿಡಿದು ಕೂತೆ. ಅಂತಸ್ತಿನ ಮನೆ ಅದು. ತುದಿಯಲ್ಲಿ ಬಣ್ಣದ ಕೊಕ್ಕರೆಗಳು. ಗಂಡು ಕಡ್ಡಿ ತಂದು ಕೊಡುತ್ತದೆ, ಹೆಣ್ಣು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಸಿಕ್ಕಿಸುತ್ತದೆ. ಒಂದು ಕಡ್ಡಿ ಹಿಡಿಸಲಿಲ್ಲ, ನೀರಿಗೆ ಬೀಳಿಸಿತು. ಗಂಡು ಅರೆಗಳಿಗೆ ಕೆಳಗೇ ನೋಡಿ ಮತ್ತೆ ಹಾರಿತು. ಅದರ ಕೆಳಗಿನ ಕೊಂಬೆಗಳಲ್ಲಿ ಬಿಳಿ ಕೆಂಬರಲುಗಳು, ಬೋಳು ಕರಿತಲೆ, ಕುಡುಗೋಲು ಕೊಕ್ಕು. ಅದಕ್ಕೂ ಕೆಳಗೆ ರೆಕ್ಕೆ ಹರವಿ ಬಿಸಿಲಿಗೆ ಒಣಗಿಸುತ್ತಿದ್ದ ನೀರುಕಾಗೆ. ನೀರಿಗೆ ತಾಗುವ ಕೊಂಬೆಯಲ್ಲಿ ಒಂದು ಹಾವಕ್ಕಿ, ಮತ್ತೆ ದಟ್ಟ ನೆರಳಿನಲ್ಲಿ ಕೆಂಪು ಕಣ್ಣು ಬಿಡುತ್ತಿದ್ದ ಇರುಳು ಬಕಗಳು. ಮಾಗಡಿಯಲ್ಲಿ ದಡದಿಂದ ಆಳಕ್ಕೆ ಕಂಡ ಪಂಕ್ತಿ ಇಲ್ಲಿ ಬುಡದಿಂದ ತುದಿಗೆ ನಿಂತಿತ್ತು.

ಆರು ಗಂಟೆಗೆ ಶುರುವಾಯಿತು. ಪೂರ್ವದಿಂದ ಬೆಳ್ಳಕ್ಕಿ, ಪಶ್ಚಿಮದಿಂದ ನೀರುಕಾಗೆಯ ಸರ. ಹೆಜ್ಜಾರ್ಲೆಗಳು ರೆಕ್ಕೆ ಬಡಿಯದೆ ತೇಲಿಬಂದು, ಕೊನೆಯಲ್ಲಿ ಬ್ರೇಕು ಹಾಕುವಾಗ ಮಾತ್ರ ಕಾಲು ಮುಂದೆ ಚಾಚಿ ಕೊಂಬೆಯನ್ನೇ ಬಗ್ಗಿಸಿದವು. ಆಮೇಲೆ ಹೊಗೆಯಂತೆ ಗುಲಾಬಿ ಕಬ್ಬಕ್ಕಿಗಳ ಮೋಡ, ಜೋಳದ ಹೊಲದಿಂದ. ಅವು ನೀರುಹಕ್ಕಿಯೇ ಅಲ್ಲ, ಆದರೂ ರಾತ್ರಿಗೆ ನೀರಿನ ನಡುವಿನ ಮರವೇ ಬೇಕು. ಜಾಗಕ್ಕೆ ಜಗಳವೋ ಜಗಳ. ಕತ್ತಲಾದ ಮೇಲೆ ಇರುಳು ಬಕಗಳು 'ಕ್ವಾಕ್' ಅಂತ ಎದ್ದು ಹೊರಟವು. ಅವುಗಳ ಪಾಳಿ ಆಗ ಶುರು.

ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಮಂಡಕ್ಕಿ ತಿನ್ನುತ್ತಾ ಮಾಮಾ ತಾವಾಗಿಯೇ ಒಂದು ಮಾತು ತೆಗೆದರು.

"ನಮ್ಮ ಓಣಿ ಹಿಂದ ಕೆರಿ ಇತ್ತಲ್ಲ, ನೀ ಸಣ್ಣವಿದ್ದಾಗ ಕೊಕ್ಕರಿ ನೋಡಾಕ ಹೋಗ್ತಿದ್ದಿ."

ಇತ್ತು. ಈಗಲೂ ಇದೆ. ಸುತ್ತ ಕಲ್ಲು ಕಟ್ಟಿ, ಬಾಣಲೆಯಂತೆ ಆಳ ಮಾಡಿ, ಓಡಾಡಲು ಹಾದಿ, ಕೂಡಲು ಬೆಂಚು ಹಾಕಿದ್ದಾರೆ. ನೀರು ವರ್ಷಪೂರ್ತಿ ನಿಲ್ಲುತ್ತದೆ. ಕೊಕ್ಕರೆ ಮಾತ್ರ ಬರುವುದಿಲ್ಲ. ಯಾರು ಇಂಥ ಕೆಲಸ ಮಾಡಿದರೋ ಅಂತ ಮಾಮಾನ ಎದುರೇ ಎಷ್ಟೋ ಸಲ ಬೈದಿದ್ದೇನೆ.

"ಅದರ ಅಂದಾಜುಪಟ್ಟಿ ನಾನ ಬರದಿದ್ದೆ," ಅಂದರು. ಇನ್ನೊಂದು ಮಿರ್ಚಿ ತೆಗೆದುಕೊಳ್ಳಲು ಹೋದ ನನ್ನ ಕೈ ಹಾಗೇ ನಿಂತಿತು. "ಆಗ ನಮಗ ಹೇಳಿದ್ದು ಒಂದ: ನೀರು ಎಷ್ಟು ಹಿಡೀಬೇಕು. ಯಾರ ಕಾಲು ಎಷ್ಟುದ್ದ ಅಂತ ಯಾರೂ ಕೇಳಿರಲಿಲ್ಲ."

ನಾಲ್ಕನೇ ದಿನ

ಬೆಳಿಗ್ಗೆ ಅಂಕಸಮುದ್ರದ ಮರಗಳು ಖಾಲಿಯಾಗುವುದನ್ನು ನೋಡಿದೆವು. ಗೂಡು ಹಿಡಿದವು ಉಳಿದವು, ಮಿಕ್ಕವು ಹೊರಟವು. ಬೆಳಕಿನಲ್ಲಿ ಇನ್ನೊಂದು ಸಂಗತಿ ಕಂಡಿತು: ಕೆಲವು ಜಾಲಿಗಳಲ್ಲಿ ಎಲೆಯೇ ಇಲ್ಲ, ಬರೀ ಅಸ್ಥಿಪಂಜರ. ವರ್ಷಗಟ್ಟಲೆ ಹಿಕ್ಕೆ ಬಿದ್ದು ಎಲೆ ಸುಡುತ್ತದೆ. ಬುಡ ಸದಾ ನೀರಿನಲ್ಲಿದ್ದರೆ ಜಾಲಿಯಂಥ ಗಟ್ಟಿ ಮರವೂ ಸೋಲುತ್ತದೆ. ಬಿದ್ದ ಮರದ ಜಾಗಕ್ಕೆ ಸಸಿ ಏಳಬೇಕೆಂದರೆ ಒಂದಷ್ಟು ಕಾಲ ಅಂಗಳ ಒಣಗಬೇಕು. ನೀರಿಲ್ಲದಿದ್ದರೆ ಹಕ್ಕಿ ಇಲ್ಲ, ಯಾವಾಗಲೂ ನೀರೇ ಇದ್ದರೆ ಮರ ಇಲ್ಲ. ಈ ತೂಬಿನ ಕೀಲಿ ಹಿಡಿದವರ ಪಾಡು ಸುಲಭದ್ದಲ್ಲ ಅಂತ ಮಾಮಾನೇ ಹೇಳಿದರು, ಕಷ್ಟ ಉಂಡವರ ದನಿಯಲ್ಲಿ.

ಹೊರಟ ಹಕ್ಕಿಗಳಲ್ಲಿ ಹೆಜ್ಜಾರ್ಲೆಗಳು ತುಂಗಭದ್ರಾ ಹಿನ್ನೀರಿನ ದಿಕ್ಕು ಹಿಡಿದಿದ್ದವು. ನಾವೂ ಹಿಡಿದೆವು. ಮರಿಯಮ್ಮನಹಳ್ಳಿಯಲ್ಲಿ ಇಳಿದು, ಆಟೋದವನಿಗೆ 'ನೀರಿನ ಹತ್ತಿರ ಎಲ್ಲಾದರೂ ಬಿಡಪ್ಪ' ಅಂದೆವು. ಅಣೆಕಟ್ಟಿನ ನೀರಲ್ಲಿ ಮುಳುಗಿದ ನಾರಾಯಣದೇವರಕೆರೆಯ ಜನ ಬಂದು ನೆಲೆಸಿದ ಊರಿದು. ಇಲ್ಲೂ ಊರಿನ ಹೆಸರಲ್ಲಿ ಕೆರೆ, ಕೆರೆಯ ಮೇಲೆ ಇನ್ನೊಂದು ದೊಡ್ಡ ಕೆರೆ.

ಮಳೆಗಾಲದಲ್ಲಿ ತುಂಬಿದ ಜಲಾಶಯ ಕಾಲುವೆಗಳಿಗೆ ಹರಿದು ಜನವರಿಗೆ ಹಿಂದೆ ಸರಿದಿತ್ತು. ಬಿಟ್ಟುಹೋದ ಜಾಗದಲ್ಲಿ ಹಸಿರು ಗರಿಕೆ, ದನ, ಅಲ್ಲಲ್ಲಿ ಉತ್ತ ಹೊಲ. ಅದರಾಚೆ ಕನ್ನಡಿಯಂಥ ತೆಳ್ಳನೆ ನೀರು. ದೂರದಲ್ಲಿ ಬಣ್ಣದ ಕೊಕ್ಕರೆಗಳು ಸಾಲಾಗಿ ನಡೆಯುತ್ತಿದ್ದವು. ಅರೆತೆರೆದ ಕೊಕ್ಕನ್ನು ನೀರಿಗಿಟ್ಟು, ಒಂದು ಕಾಲಿನಿಂದ ಕೆಸರು ಕದಡಿ, ಮೀನು ಕೊಕ್ಕಿಗೆ ತಾಗಿದ ಕೂಡಲೇ ಕಚ್ಚುತ್ತವೆ. ಕಣ್ಣಿನ ಕೆಲಸ ಕಡಿಮೆ, ಸ್ಪರ್ಶದ ಕೆಲಸ ಹೆಚ್ಚು. ಹಾಗಾಗಿ ನೀರು ರಾಡಿಯಾದರೂ ಚಿಂತೆಯಿಲ್ಲ, ಆಳವಾಗಬಾರದು ಅಷ್ಟೆ. ರಾಜಹಂಸ ಸಿಕ್ಕೀತು ಅಂತ ಆಸೆಯಿತ್ತು. ಸಿಗಲಿಲ್ಲ. ರೀವಗಳು ತಲೆಯ ಮೇಲೆ ಕಿರುಚಿ ಹೋದವು. ಜವುಗು ಸೆಳೆವ ಎಂಬ ಬೇಟೆಹಕ್ಕಿಯೊಂದು ಹುಲ್ಲಿನ ಮೇಲೆ ತಗ್ಗಿ ಹಾರಿ, ಬಾತುಗಳ ಒಂದು ಗುಂಪನ್ನು ಎಬ್ಬಿಸಿತು. ಈ ಸಲ ತಪ್ಪು ನನ್ನದಲ್ಲ.

ಮಾಮಾ ಚಪ್ಪಲಿ ಕೈಯಲ್ಲಿ ಹಿಡಿದು, ಪಂಚೆ ಮೇಲೆ ಕಟ್ಟಿ, ಛತ್ರಿ ಊರುತ್ತಾ ನೀರಿಗೆ ಇಳಿದರು. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಕಚ್ಚು ನೋಡುತ್ತಿದ್ದರು. ನೂರು ಹೆಜ್ಜೆ ಹೋದರೂ ಮೊಣಕಾಲು ಮುಳುಗಿರಲಿಲ್ಲ. ಅಲ್ಲಿಂದಲೇ ಕೂಗಿ ಹೇಳಿದ ಲೆಕ್ಕ ಇಷ್ಟು: ಇಳಿಜಾರು ಒಂದಕ್ಕೆ ಐವತ್ತು ಇದ್ದರೆ ನೀರು ಒಂದು ಅಡಿ ಇಳಿದಾಗ ದಂಡೆ 50 ಅಡಿ ಹಿಂದಕ್ಕೆ ಹೋಗುತ್ತದೆ, ಅಷ್ಟೂ ಹೊಸ ಕೆಸರು. ನಮ್ಮ ಓಣಿಯ ಕೆರೆಗೆ ಕಟ್ಟಿದ ಕಲ್ಲಿನ ಇಳಿಜಾರು ಒಂದಕ್ಕೆ ಎರಡು. ಅಲ್ಲಿ ಒಂದು ಅಡಿ ನೀರು ಇಳಿದರೆ ಸಿಗುವುದು ಎರಡು ಅಡಿ ಕಲ್ಲು.

"1953ರಾಗ ಈ ಡ್ಯಾಮು 133 ಟಿಎಂಸಿ ಹಿಡೀತಿತ್ತು, ಈಗ 105ರ ಆಜೂಬಾಜೂ. ಉಳದದ್ದು ಹೂಳು ನುಂಗೇತಿ. ರೈತರಿಗೆ ಅದು ಲುಕ್ಸಾನ, ಸುಳ್ಳಲ್ಲ," ಅಂದರು ದಂಡೆಗೆ ಬಂದು ಕಾಲು ಒರೆಸಿಕೊಳ್ಳುತ್ತಾ. "ಆದ್ರ ಸಣ್ಣ ಕೆರೀದಾಗ ಒಂದ ಕಡೆ ಆಳ ತಗದು, ಹಿಂದಿನ ಬಾಜೂ ಹಂಗ ಬಿಡಬಹುದಿತ್ತು. ಖರ್ಚೂ ಕಡಿಮಿ ಬರ್ತಿತ್ತು."

ಚೀಲದಿಂದ ನನ್ನ ನೋಟ್‌ಬುಕ್ ತೆಗೆದುಕೊಂಡು, ಹೆಬ್ಬಾತಿನ ಎಣಿಕೆ ಇದ್ದ ಹಾಳೆಯ ಹಿಂಬದಿಗೆ ಓಣಿಯ ಕೆರೆಯ ನಕ್ಷೆ ಬರೆಯತೊಡಗಿದರು. ಕಲ್ಲು ಕಿತ್ತರೆ ಎಷ್ಟು ಉದ್ದ ಕೀಳಬೇಕು, ಮಣ್ಣು ಎಷ್ಟು ಬೇಕು. ನಾಲ್ಕೂವರೆಯ ಹೊಸಪೇಟೆ ಬಸ್ಸು ತಪ್ಪಿತು. ಮುಂದಿನದು ಐದೂಕಾಲಿಗೆ ಅಂತ ಅಂಗಡಿಯವನು ಹೇಳಿದ. ಆ ಹೊತ್ತಿಗೆ ಹೆಜ್ಜಾರ್ಲೆಗಳು ಅಂಕಸಮುದ್ರದ ಕಡೆ ತಿರುಗಿದ್ದವು.